ಮೂರನೆಯ ಪಿನ್ನು

ಹಲ್ಲಿನ ಡಾಕ್ಟರ ಮನೆಯ ಮಹಡಿ ಕೋಣೆಯಲ್ಲಿ ಸಾವಿರಕ್ಕೂ ಮೇಲೆ ವಿಡಿಯೋ ಗೇಮುಗಳಿದ್ದವು. ಆಡುವವರು ಒಬ್ಬರೂ ಇರಲಿಲ್ಲ. ಬಿಸಿಲು ಬಿದ್ದರೆ ಪೆಟ್ಟಿಗೆಗಳ ಬಣ್ಣ ಮಾಸುತ್ತದೆಂದು ಕಿಟಕಿಗೆ ದಪ್ಪನೆಯ ಪರದೆ. ಗಾಜಿನ ಬೀರುಗಳಿಗೆ ಬೀಗ. ಡಾಕ್ಟರನ್ನು ಬಿಟ್ಟರೆ ಆ ಕೋಣೆಗೆ ಕಾಲಿಡುತ್ತಿದ್ದವಳು ಮನೆಗೆಲಸದ ಸೀಲಕ್ಕ ಮಾತ್ರ. ಅದೂ ಕೈಗೆ ಬಿಳಿ ಗ್ಲೌಸು ತೊಟ್ಟು. ಪಾತ್ರೆ ತಿಕ್ಕುವ ಕೈಯಲ್ಲವೇ, ಗುರುತು ಬಿದ್ದೀತು!

ಸೀಲಕ್ಕ ಎಂಬ ಹೆಸರು ಡಾಕ್ಟರಿಗೆ ಗೊತ್ತಿರಲಿಲ್ಲ. ಅವರಿಗೆ ಅವಳು ಬರೀ ‘ಅಮ್ಮ’. ಸೀಲಕ್ಕ ಎಂಬುದು ಕಾರ್ಖಾನೆಯಲ್ಲಿ ಬಿದ್ದ ಹೆಸರು. ಮೂವತ್ತು ವರ್ಷದ ಹಿಂದೆ ಅವಳು ಇಂಥವೇ ಗೇಮುಗಳ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ಸಾಲಿನ ಕೊನೆಯ ಮೇಜಿನ ಮುಂದೆ ನಿಂತು, ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಬಿಸಿ ಕಂಬಿ ಒತ್ತಿ ಸೀಲು ಮಾಡುತ್ತಿದ್ದಳು. ಕುರ್ಚಿ ಕೊಡುತ್ತಿರಲಿಲ್ಲ. ಕೂತರೆ ಕೈ ನಿಧಾನವಾಗುತ್ತದಂತೆ.

ಒಂದು ಮಂಗಳವಾರ ಡಾಕ್ಟರು ಹೊಸದಾಗಿ ಕೊಂಡು ತಂದ ಹಳೆಯ ಪೆಟ್ಟಿಗೆಯೊಂದನ್ನು ಒರೆಸಲು ಕೊಟ್ಟರು. ಸೀಲು ಒಡೆಯದ ಪೆಟ್ಟಿಗೆ. ಸೀಲಕ್ಕನ ಹೆಬ್ಬೆರಳು ಬೆಸುಗೆಯ ಗೆರೆಯ ಮೇಲೆ ಹರಿದು, ಒಂದು ಕಡೆ ತಡೆಯಿತು. ಗ್ಲೌಸು ಕಿತ್ತು ಮತ್ತೆ ಮುಟ್ಟಿದಳು. ಸಾಸಿವೆ ಕಾಳಿನಷ್ಟು ಗಂಟು.

“ಡಾಕ್ಟ್ರೇ, ಇದನ್ನ ಸೀಲು ಮಾಡಿದ್ದು ನಾನು.”

“ಏನಮ್ಮಾ, ಬೆಳಗ್ಗೆ ಬೆಳಗ್ಗೆನೇ ತಮಾಷೆ?”

“ತಮಾಷೆ ಯಾಕೆ ಮಾಡ್ಲಿ? ಮುಟ್ಟಿ ನೋಡಿ. ನನ್ನ ಕಂಬಿ ಒಂದು ಕಡೆ ಮುಕ್ಕಾಗಿತ್ತು. ಒಂದೇ ದಿನ. ಮಾರನೇ ದಿನ ಕಂಬಿ ಬದಲಾಯಿಸಿದ್ರು. ಆ ದಿನ ನಾವು ಪೆಟ್ಟಿಗೆಗಳ ಒಳಗೆ ಚೀಟಿ ಇಟ್ಟಿದ್ವಿ.”

ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಸಾಲಿನಲ್ಲಿ ಹದಿನೆಂಟು ಹೆಂಗಸರು. ಮೇಲಿನವರಿಗೆ ಕೊಟ್ಟ ಅರ್ಜಿಗಳೆಲ್ಲ ಕಸದ ಬುಟ್ಟಿ ಸೇರಿದವು. ಮಾಲೀಕರು ಓದದಿದ್ದರೇನು, ಕೊಂಡವರು ಓದುತ್ತಾರೆ ಎಂದು ಉಪಾಯ ಹೇಳಿದವಳು ಸೀಲಕ್ಕ. ನಲವತ್ತು ಚೀಟಿ ಬರೆದವಳು ಪಕ್ಕದ ಮೇಜಿನ ಕುಳ್ಳಿ. ಅವಳ ಅಕ್ಷರ ದುಂಡಗಿತ್ತು. ತಪಾಸಣೆಯಲ್ಲಿ ಒಂದು ಚೀಟಿ ಸಿಕ್ಕಿಬಿತ್ತು. ಆ ದುಂಡಗಿನ ಅಕ್ಷರವೇ ಅವಳಿಗೆ ಮುಳುವಾಯಿತು. ಬರೆದವಳನ್ನು ಸಂಜೆಯೊಳಗೆ ಗೇಟಿನಾಚೆ ಹಾಕಿದರು. ಯಾರು ಹೇಳಿಕೊಟ್ಟದ್ದು ಎಂದು ಗದರಿಸಿದರೆ ಕುಳ್ಳಿ ಬಾಯಿ ಬಿಡಲಿಲ್ಲ. ಸೀಲಕ್ಕನೂ ಬಿಡಲಿಲ್ಲ. ಡಾಕ್ಟರಿಗೆ ಈ ಕೊನೆಯದೊಂದನ್ನು ಅವಳು ಹೇಳಲಿಲ್ಲ. ಮೂವತ್ತು ವರ್ಷದಿಂದ ಅದನ್ನು ಯಾರ ಮುಂದೆಯೂ ಆಡಿರಲಿಲ್ಲ.

ಪೆಟ್ಟಿಗೆ ಕೊಂಡವರಲ್ಲಿ ಯಾರಿಂದಲೂ ಒಂದು ಸುದ್ದಿ ಬರಲಿಲ್ಲ. ಬಂದಿದ್ದರೂ ಕಂಪನಿ ಹೇಳುತ್ತಿತ್ತೇ? ಈಗ ಪೇಟೆಯ ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಯಂತ್ರವಿಟ್ಟುಕೊಂಡಿರುವ ಕುಳ್ಳಿ, ಸಿಕ್ಕಾಗಲೆಲ್ಲ ಒಂದೇ ಮಾತು ಕೇಳುತ್ತಿದ್ದಳು: “ಒಬ್ಬರಾದ್ರೂ ಓದಿರ್ತಾರೆ ಅಲ್ವೇನೇ?”

“ತೆಗೀರಿ ಡಾಕ್ಟ್ರೇ. ಓದೋಣ,” ಎಂದಳು ಸೀಲಕ್ಕ.

ಗಟ್ಟಿ ಹಲ್ಲನ್ನು ಕೀಳಿ ಎಂದವರನ್ನು ನೋಡುವಂತೆ ಡಾಕ್ಟರು ಅವಳನ್ನು ನೋಡಿದರು. “ತೆಗೆಯೋದಾ? ತೆಗೆಯದೇ ಇರೋದ್ರಲ್ಲೇ ಇದರ ಜೀವ ಇರೋದು ಅಮ್ಮಾ.”

“ಆಡೋ ಸಾಮಾನಲ್ವಾ ಇದು?”

“ಆಡೋಕೆ ಬೇರೆ ಜನ ಇದ್ದಾರೆ. ನಾವು ಕಾಪಾಡೋರು.”

ಆದರೆ ಚೀಟಿಯ ಮಾತು ಅವರ ತಲೆ ಹೊಕ್ಕಿತ್ತು. ಮಧ್ಯಾಹ್ನ ರೋಗಿಗಳು ಹೋದ ಮೇಲೆ ಪೆಟ್ಟಿಗೆಯನ್ನು ಕೆಳಗಿನ ಕ್ಲಿನಿಕ್ಕಿಗೆ ಒಯ್ದು, ದವಡೆಗೆ ಹಿಡಿಯುವ ಎಕ್ಸ್‌ರೇ ಯಂತ್ರವನ್ನು ಪೆಟ್ಟಿಗೆಗೆ ಹಿಡಿದರು. ತುಂಡು ತುಂಡು ಚಿತ್ರಗಳನ್ನು ಜೋಡಿಸಿ ಸೀಲಕ್ಕನನ್ನು ಕರೆದರು.

“ನೋಡಮ್ಮ, ಆಟದ ಪುಸ್ತಕಕ್ಕೆ ಎರಡು ಪಿನ್ನು ಇರುತ್ತೆ. ಇಲ್ಲಿ ಮೂರನೇದೊಂದಿದೆ, ಓರೆಯಾಗಿ.”

“ಚೀಟಿ ಬೀಳಬಾರದು ಅಂತ ಕುಳ್ಳಿ ಹೊಡೆದಿದ್ದು ಅದು.”

“ಅಕ್ಷರ ಮಾತ್ರ ಎಕ್ಸ್‌ರೇಲಿ ಬರಲ್ಲ. ಒಳ್ಳೇದೇ ಆಯ್ತು!” ಡಾಕ್ಟರ ಮುಖ ಊರಗಲವಾಗಿತ್ತು. “ಒಳಗೆ ಕಾರ್ಮಿಕರ ಪತ್ರ, ಯಾರೂ ಓದಿಲ್ಲ. ಇಂಥದ್ದು ಇನ್ನೊಬ್ಬರ ಹತ್ರ ಇರಲಿಕ್ಕಿಲ್ಲ.”

ಹದಿನೆಂಟು ಹೆಂಗಸರ ಗೋಳು ಯಾರೂ ಓದದೇ ಇದ್ದುದಕ್ಕೆ ಬೆಲೆ ಬಂದಿತ್ತು. ಅಂದು ಕಂಪನಿ ಚೀಟಿ ಹರಿದು ಬಾಯಿ ಮುಚ್ಚಿಸಿತ್ತು. ಈ ಡಾಕ್ಟರು ಚೀಟಿಗೆ ಗಾಜಿನ ಬೀರು ಕೊಟ್ಟು ಮುಚ್ಚಿಸಲು ಹೊರಟಿದ್ದರು. ಸೀಲಕ್ಕ ಎಕ್ಸ್‌ರೇಯನ್ನು ಒಂದು ಗಳಿಗೆ ನೋಡಿ, ನೆಲ ಒರೆಸಲು ಹೋದಳು.

ಭಾನುವಾರ ಡಾಕ್ಟರ ಇಬ್ಬರು ಗೆಳೆಯರು ಬಂದರು. ಒಬ್ಬರು ಕನ್ನಡಕದಂಗಡಿಯವರು, ಇನ್ನೊಬ್ಬರು ಬ್ಯಾಂಕಿನವರು. ಇಬ್ಬರಿಗೂ ಇದೇ ಹುಚ್ಚು. ಪೆಟ್ಟಿಗೆ ಒಬ್ಬರ ಗ್ಲೌಸಿನಿಂದ ಇನ್ನೊಬ್ಬರ ಗ್ಲೌಸಿಗೆ, ಹಸುಗೂಸನ್ನು ದಾಟಿಸಿದಂತೆ ದಾಟಿತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಲೊಚಗುಟ್ಟಿದರು.

“ಸೀಲು ಮಾಡಿದೋರು ಇಲ್ಲೇ ಇದ್ದಾರೆ!” ಎಂದು ಡಾಕ್ಟರು ಅಡುಗೆಮನೆಯಿಂದ ಸೀಲಕ್ಕನನ್ನು ಕರೆಸಿದರು.

“ಏನು ಬರೆದಿದ್ರಿ ಅಮ್ಮ?” ಬ್ಯಾಂಕಿನವರು ಕೇಳಿದರು.

“ಬಾಯಿಪಾಠ ಬರಲ್ಲ ಸ್ವಾಮಿ. ತೆಗೆದು ಓದಿ.”

ಮೂವರೂ ಹೋ ಎಂದು ನಕ್ಕರು. ಕನ್ನಡಕದವರು ಮೊಬೈಲು ತೆಗೆದರು. “ಒಂದು ಫೋಟೋ ಆಗ್ಲಿ. ಅಮ್ಮ ಪೆಟ್ಟಿಗೆ ಹಿಡಿದು ನಿಲ್ಲಲಿ. ಗ್ಲೌಸು ತೆಗೆದೇ ಹಿಡೀಲಿ, ಕೆಲಸದ ಕೈ ಕಾಣ್ಬೇಕು.”

ಡಾಕ್ಟರು ಅರೆಮನಸ್ಸಿನಿಂದಲೇ ಪೆಟ್ಟಿಗೆಯನ್ನು ಅವಳ ಕೈಗಿಟ್ಟರು. “ಹುಷಾರು.”

ಮುಕ್ಕಾದ ಕಂಬಿ ಒತ್ತಿದ ಕಡೆ ಸೀಲು ಬಲವಾಗಿರುವುದಿಲ್ಲ. ಇದು ಕೋಣೆಯಲ್ಲಿದ್ದ ನಾಲ್ವರಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಸೀಲಕ್ಕ ಗಂಟಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದಳು. ಟಪ್ಪೆಂದಿತು. ಎರಡೇ ಎಳೆತಕ್ಕೆ ಪ್ಲಾಸ್ಟಿಕ್ಕು ಕೆಳಗೆ.

“ಅಯ್ಯೋ ಅಯ್ಯೋ! ಏನ್ ಮಾಡಿದ್ರಿ ಅಮ್ಮಾ!”

“ಸೀಲು ಬಿಚ್ಚಿದೆ. ಹಾಕಿದೋಳೂ ನಾನೇ.”

ಡಾಕ್ಟರು ಪೆಟ್ಟಿಗೆ ಕಿತ್ತುಕೊಳ್ಳುವಷ್ಟರಲ್ಲಿ ಚೀಟಿ ಅವಳ ಕೈಯಲ್ಲಿತ್ತು. ಪಿನ್ನಿಗೆ ತುಕ್ಕು ಹಿಡಿದಿತ್ತು. ಅಕ್ಷರ ಹಾಗೇ ದುಂಡಗಿತ್ತು. ಸೀಲಕ್ಕ ದನಿಯೆತ್ತಿ ಓದಿದಳು:

“ಇದನ್ನು ಕೊಂಡವರಿಗೆ ನಮಸ್ಕಾರ. ನಾವು ಹದಿನೆಂಟು ಜನ ಇದನ್ನು ಪ್ಯಾಕ್ ಮಾಡಿದವರು. ಹತ್ತು ಗಂಟೆ ನಿಂತೇ ಇರುತ್ತೇವೆ. ಬಾತ್‌ರೂಮಿಗೆ ಒಂದೇ ಸಲ ಬಿಡುತ್ತಾರೆ. ಬಾಗಿಲಿಗೆ ಹೊರಗಿನಿಂದ ಬೀಗ. ಹೋದ ವಾರ ಒಬ್ಬಳು ಬಿದ್ದಳು, ಬೀಗದ ಕೈ ಹುಡುಕುವುದಕ್ಕೆ ಅರ್ಧ ಗಂಟೆಯಾಯಿತು. ದಯವಿಟ್ಟು ಕಂಪನಿಗೆ ಒಂದು ಕಾಗದ ಬರೆಯಿರಿ. ಇನ್ನೊಂದು ಮಾತು. ಆಟ ಚೆನ್ನಾಗಿದೆಯಾ? ನಾವು ಯಾರೂ ಆಡಿಲ್ಲ.”

ಸೀಲಕ್ಕ ತಲೆಯೆತ್ತಿದಳು.

“ಪ್ರಶ್ನೆ ಕೇಳಿದೆ ಚೀಟಿ. ಹೇಳಿ, ಆಟ ಚೆನ್ನಾಗಿದೆಯಾ?”

ಡಾಕ್ಟರು ಕೆಳಗೆ ಬಿದ್ದ ಪ್ಲಾಸ್ಟಿಕ್ಕನ್ನು ಹೆಕ್ಕುತ್ತಿದ್ದರು. ಬ್ಯಾಂಕಿನವರು ಕಿಟಕಿಯ ಪರದೆಯತ್ತ ನೋಡಿದರು.

“ನನ್ನ ಹತ್ರ ಇದೇ ಆಟ ಎರಡಿದೆ,” ಎಂದರು ಕನ್ನಡಕದವರು, ದನಿ ತಗ್ಗಿಸಿ. “ತೆಗೆದಿಲ್ಲ.”

“ಮನೆಗೆ ಹೋಗಿ ಸೀಲು ಮುಟ್ಟಿ ನೋಡಿ ಸ್ವಾಮಿ. ಗಂಟಿದ್ರೆ ನಿಮಗೂ ಒಂದು ಕಾಗದ ಬಂದಿರಬಹುದು.”

“ನಾಳೆಯಿಂದ ಬರಬೇಡಿ,” ಎಂದರು ಡಾಕ್ಟರು, ನೆಲದಿಂದ ಕಣ್ಣೆತ್ತದೆ.

“ಗೊತ್ತಿದ್ದೇ ಮಾಡಿದ್ದು,” ಎಂದಳು ಸೀಲಕ್ಕ. ಒಲೆಯ ಮೇಲಿದ್ದ ಹಾಲನ್ನು ಇಳಿಸಿಟ್ಟು, ಚಪ್ಪಲಿ ಮೆಟ್ಟಿ ಹೊರಟಳು.

ಕುಳ್ಳಿ ಪ್ಯಾಂಟಿನ ಅಂಚು ಹೊಲಿಯುತ್ತಿದ್ದಳು. ಯಂತ್ರದ ಮೇಲೆ ಸೀಲಕ್ಕ ಇಟ್ಟ ಚೀಟಿಯನ್ನು ನೋಡಿ ಕಾಲು ನಿಲ್ಲಿಸಿದಳು. ಎರಡು ಸಲ ಓದಿದಳು. ತುಕ್ಕಿನ ಪಿನ್ನನ್ನು ಉಗುರಿನಿಂದ ಮೀಟಿದಳು.

“ಓದಿದ್ರಾ?”

“ನಾನೇ ಓದಿ ಹೇಳಿದೆ. ಮೂರು ಜನ ಕೇಳಿಸಿಕೊಂಡ್ರು.” ಸೀಲಕ್ಕ ಸ್ಟೂಲೆಳೆದು ಕೂತಳು. “ಕುಳ್ಳೀ, ಅವತ್ತು ನಾನು ಗೇಟಿಗೆ ಬಂದು, ಉಪಾಯ ನಂದು ಅಂತ ಹೇಳಬೇಕಿತ್ತು.”

“ಹೇಳಿದ್ರೆ ಇಬ್ಬರ ಮನೇಲೂ ಒಲೆ ಹತ್ತುತ್ತಿರಲಿಲ್ಲ. ಬಿಡು,” ಎಂದಳು ಕುಳ್ಳಿ. ಆದರೆ ಅವಳು ಬಿಟ್ಟಿರಲಿಲ್ಲ ಎಂಬುದು ಆ ‘ಬಿಡು’ ಬರಲು ಹಿಡಿದ ಹೊತ್ತಿನಲ್ಲೇ ತಿಳಿಯುತ್ತಿತ್ತು. ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು. “ಇದಕ್ಕೇನಂದ್ರು? ಆಟ ಚೆನ್ನಾಗಿದೆಯಂತಾ?”

“ಯಾರಿಗೂ ಗೊತ್ತಿಲ್ಲ ಕಣೇ. ಮೂವರ ಮನೇಲೂ ರಾಶಿ ರಾಶಿ ಇದೆ. ಆ ಆಟ ಒಬ್ಬರೂ ಆಡಿಲ್ಲ.”

ಕುಳ್ಳಿ ಚೀಟಿಯನ್ನು ಮಡಿಸಿ ನೂಲಿನ ಡಬ್ಬಿಯಲ್ಲಿಟ್ಟಳು. ಯಂತ್ರದ ಚಕ್ರಕ್ಕೆ ಕೈ ಹಾಕಿದವಳು ತಿರುಗಿಸದೆ ಕೇಳಿದಳು:

“ನಮ್ಮನ್ನಂತೂ ಆಡೋಕೆ ಬಿಡಲಿಲ್ಲ. ಅವರಿಗೇನಾಗಿತ್ತೇ ಧಾಡಿ?”