ಎರಡನೆಯ ಪ್ರನಾಳ

"ಮುಟ್ಟಬೇಡ ಅತ್ತೆ, ಕೈಗೆ ಹತ್ತಿದರೆ ಬಣ್ಣ ಬೇಗ ಹೋಗಲ್ಲ."

"ಹುಟ್ಟಿದಾಗಿಂದ ಗೋರಂಟಿ ಕಂಡ ಕೈ ಕಣೇ ಇದು. ನಿನ್ನ ನೇರಳೆ ನೀರಿಗೆ ಹೆದರುತ್ತಾ?" ಎಂದು ನಗುತ್ತ ಮಬ್ರೂಕಾ, ಅಣ್ಣನ ಮಗಳು ರೌದಾಳ ಪ್ರಯೋಗಶಾಲೆಯ ಎತ್ತರದ ಸ್ಟೂಲು ಹತ್ತಿ ಕೂತಳು. ತನ್ನೂರು ಕೆಸ್ರಾದ ಬೆಟ್ಟದಿಂದ ದೂರದ ನಗರ ಸ್ಫಾಕ್ಸ್‌ವರೆಗೆ ಬಾಡಿಗೆ ವ್ಯಾನಿನಲ್ಲಿ ಮೊಣಕಾಲು ಮಡಚಿಕೊಂಡು ಬಂದಿದ್ದಳು. ಜೊತೆಗೊಂದು ಒಣಸೊಪ್ಪಿನ ಮೂಟೆ.

ವಸಂತದಲ್ಲಿ ಊರಿನ ಮದುವೆಯೊಂದರಲ್ಲಿ ಕುಸ್ಕುಸ್ ತಟ್ಟೆಯ ಸುತ್ತ ಕೂತಿದ್ದಾಗ ರೌದಾ ಹೇಳಿಬಿಟ್ಟಿದ್ದಳು: ನಾನು ಪರೀಕ್ಷಿಸಿದ ಸೊಪ್ಪುಗಳಲ್ಲೆಲ್ಲ ನಮ್ಮ ಬೆಟ್ಟದ್ದೇ ಮೊದಲು, ಅದರ ಸತ್ವ ಬಿದ್ದರೆ ನೇರಳೆ ದ್ರಾವಣ ಹಳದಿಯಾಗುತ್ತದೆ, ಮೈಯೊಳಗಿನ ಸವೆತ ತಡೆಯುವ ಗುಣಕ್ಕೆ ಅದೇ ಗುರುತು. ಅಷ್ಟು ಸಾಕಾಯಿತು. ಊರ ಹೆಂಗಸರು ಸೊಪ್ಪು ಮಾರಲು ಸಂಘ ಕಟ್ಟಿದರು. ಮೊದಲು ಚಿವುಟಿದರು, ಆಮೇಲೆ ಬೇರುಸಮೇತ ಕಿತ್ತರು. ಈಗ ಮಾಳಿಗೆಗಳ ಮೇಲೆಲ್ಲ ಸೊಪ್ಪು. ಬೆಟ್ಟದ ಇಳಿಜಾರು ಬೋಳು.

ರೌದಾಗೆ ನಿನ್ನೆ ತಿಳಿದದ್ದೇ ಬೇರೆ. ಬೆಟ್ಟದ ಸೊಪ್ಪಿನ ಸತ್ವ ತೆಗೆಯಲು ಮಾತ್ರ ಅವಳು ಬಳಸಿದ್ದ ಈಥರ್ ಎಂಬ ದ್ರವ ಕೆಡದಿರಲಿ ಎಂದು ತಯಾರಕರೇ ಅದಕ್ಕೊಂದು ರಾಸಾಯನಿಕ ಬೆರೆಸಿರುತ್ತಾರೆ. ಈಥರ್ ಆರಿಹೋದರೂ ಅದು ತಳದಲ್ಲಿ ಉಳಿಯುತ್ತದೆ. ನೇರಳೆಯನ್ನು ಹಳದಿ ಮಾಡಿದ್ದು ಅದು. ಸೊಪ್ಪು ಹಾಕದೆ ಬರೀ ಈಥರನ್ನೇ ಆರಿಸಿ ನೋಡುವುದು ಮೊದಲ ವರ್ಷದ ವಿದ್ಯಾರ್ಥಿಗಳೂ ಬಿಡದ ಕ್ರಮ. ಈಥರ್ ಬಾಟಲಿ ಬರಲು ತಿಂಗಳುಗಟ್ಟಲೆ ಕಾಯಬೇಕು, ಖಾಲಿ ಪ್ರನಾಳಕ್ಕೆ ಯಾಕೆ ದಂಡ ಎಂದು ಅವಳು ಬಿಟ್ಟಿದ್ದಳು. ಅದೂ ನೆಪವೇ. ಮದುವೆಗೆ ಹೋಗುವಷ್ಟರಲ್ಲಿ ಅವಳಿಗೊಂದು ಸುದ್ದಿ ಬೇಕಾಗಿತ್ತು.

ಈಗ ಅವಳು ಮೊದಲೇ ಸಿದ್ಧಮಾಡಿಟ್ಟಿದ್ದ ಎರಡು ಪ್ರನಾಳಗಳಿಗೂ ನೇರಳೆ ದ್ರಾವಣ ಹಾಕಿ ಕಪಾಟಿನ ಕತ್ತಲಲ್ಲಿಟ್ಟಳು. ಅರ್ಧ ಗಂಟೆ ಕಾಯಬೇಕಿತ್ತು. ರೌದಾ ತೊಳೆದಿಟ್ಟ ಗಾಜಿನ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮಬ್ರೂಕಾ ಮಾತ್ರ ಬಾಯಿ ಮುಚ್ಚಲಿಲ್ಲ.

"ಸೊಪ್ಪು ಕಿತ್ತು ಕಿತ್ತು ನಮ್ಮ ಸಂಘದ ಸಾಲಿಹಾ ಸೊಂಟ ಹಿಡ್ಕೊಂಡು ಮಲಗಿದ್ದಾಳೆ. ಆದರೂ ಕೇಳೋದೇನು ಗೊತ್ತಾ? ಮೂಟೆ ಎಷ್ಟಾಯ್ತು ಅಂತ!"

ಕೊನೆಗೆ ರೌದಾ ಕಪಾಟು ತೆರೆದಳು. ಕೈಗೆ ಬಂದ ಮೊದಲ ಪ್ರನಾಳ ಒಳ್ಳೆ ಹಳದಿ. ಮಬ್ರೂಕಾ ನಾಲಿಗೆ ಆಡಿಸುತ್ತ ಮದುವೆಮನೆಯ ಕೇಕೆ ಹಾಕಿದಳು. ಪಕ್ಕದ ಕೋಣೆಯ ನಿಜಾರ್ ತಲೆ ಹಾಕಿ, "ಯಾರದು ಮದುವೆ?" ಎಂದ.

"ನಮ್ಮ ಬೆಟ್ಟದ್ದು ಕಣಪ್ಪಾ!"

ಅವನು ಚಪ್ಪಾಳೆ ತಟ್ಟಿ ಹೋದ. ರೌದಾ ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದೂ ಹಳದಿ.

"ಇದು ಯಾವ ಬೆಟ್ಟದ್ದೇ?"

"ಯಾವ ಬೆಟ್ಟದ್ದೂ ಅಲ್ಲ. ಇದರಲ್ಲಿ ಸೊಪ್ಪೇ ಹಾಕಿಲ್ಲ ಅತ್ತೆ."

ಆಮೇಲೆ ಎಲ್ಲವನ್ನೂ ಹೇಳಿದಳು. ನೆಲ ನೋಡಿಕೊಂಡೇ ಹೇಳಿದಳು. "ನಮ್ಮ ಸೊಪ್ಪಲ್ಲೂ ಗುಣ ಇದೆ. ಬೇರೆ ಸೊಪ್ಪಲ್ಲಿ ಇರೋವಷ್ಟೇ. ತಪ್ಪು ನಂದು."

ಮಬ್ರೂಕಾ ಎರಡೂ ಪ್ರನಾಳಗಳನ್ನು ಒಂದಾದ ಮೇಲೊಂದು ನೋಡಿದಳು.

"ಮದುವೇಲಿ ಹೇಳೋವಾಗ ಗೊತ್ತಿತ್ತಾ?"

"ಇಲ್ಲ. ನೋಡೋಕೆ ಹೋಗಿರಲಿಲ್ಲ."

ಅತ್ತೆ ಹೊದ್ದ ಉಣ್ಣೆಯ ಹೊದಿಕೆಯೊಳಗೆ, ಎದೆಯ ಬಳಿ, ಫೋನು ಹೊಡೆದುಕೊಂಡಿತು; ತೆಗೆದು ಕಿವಿಗಿಟ್ಟಳು. ಸಾಲಿಹಾಳ ದನಿ ಕೋಣೆಗೆಲ್ಲ ಕೇಳುವಂತಿತ್ತು. "ಏನೇ, ನೋಡಿದ್ಯಾ? ಬಾಯಿ ಬಿಡೇ!"

ಮಬ್ರೂಕಾ ಸೊಸೆಯ ಕಡೆ ನೋಡಲಿಲ್ಲ. "ನೋಡಿದೆ ಕಣೇ," ಎಂದಳು. "ಹಳದಿ ಆಯ್ತು. ಕಣ್ಣಾರೆ ನೋಡಿದೆ."

ರೌದಾ ಕೈ ಚಾಚಿದಳು. "ಫೋನು ಕೊಡು ಅತ್ತೆ."

ಮಬ್ರೂಕಾ ಎರಡೂ ಕೈಗಳಿಂದ ಫೋನನ್ನು ಎದೆಗೆ ಒತ್ತಿಕೊಂಡಳು. ರೌದಾ ಚಾಚಿದ ಕೈ ಹಿಂದಕ್ಕೆ ತೆಗೆಯಲಿಲ್ಲ. ದಪ್ಪ ಉಣ್ಣೆಯ ಹೊದಿಕೆಯೊಳಗಿಂದ, ಅಲ್ಲಿ ಊರಿನಲ್ಲಿ ಯಾರೋ ಯಾರನ್ನೋ ಕೂಗಿ ಕರೆಯುವುದು, ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ದಾಟುವುದು ಸಣ್ಣಗೆ ಕೇಳುತ್ತಲೇ ಇತ್ತು.