ಅಟ್ಟದ ಗೀರುಗಳು

ಐವಿ ಪ್ರಾಸರ್ ಚಹಾ ಕೊಟ್ಟರೆ ಬೇಡವೆನ್ನುವುದು ಹೇಗೆ? ಟ್ಯಾಮ್ಸಿನ್ ಆ ಬೆಳಿಗ್ಗೆ ದಿನಚರಿಯಲ್ಲಿ ಬರೆದದ್ದು ಇದೊಂದೇ ಸಾಲು. ಆ ಮುದುಕಿ ನಲವತ್ತು ವರ್ಷ ಬಾಡಿಗೆಗಿದ್ದ ಮನೆಯನ್ನು ಕೆಡವಬಹುದೆಂದು ವರದಿ ಬರೆದವಳು ಟ್ಯಾಮ್ಸಿನ್‌ಳೇ. ಸಹಿ ಮಾತ್ರ ಅವಳು ಕೆಲಸಕ್ಕಿದ್ದ ಕಟ್ಟಡ ತಪಾಸಣೆ ಕಚೇರಿಯ ಮುಖ್ಯಸ್ಥ ಹಾರ್ಕರನದು.

ವೇಲ್ಸ್ ಗಡಿಯ ಆ ಹಳ್ಳಿಯ ಪಬ್ಬು ‘ಮೂರು ಕುಡುಗೋಲು’ ನಾನೂರು ವರ್ಷದ್ದು. ಕಾನೂನಿನಂತೆ ಅದನ್ನಾಗಲಿ ಅದರ ಯಾವ ಭಾಗವನ್ನಾಗಲಿ ಮುಟ್ಟುವ ಹಾಗಿಲ್ಲ. ಅದರ ಪಕ್ಕೆಗಂಟಿದ, ಐವಿಯದೂ ಸೇರಿ ಎರಡು ಪುಟ್ಟ ಮನೆಗಳ ಜಾಗ ಪಬ್ಬಿನ ಹೊಸ ಮಾಲೀಕನಿಗೆ ಕಾರು ನಿಲ್ಲಿಸಲು ಬೇಕಿತ್ತು.

“ಮುಂದಿನ ಗೋಡೆ ಇಟ್ಟಿಗೇದು. ಅಂದ್ಮೇಲೆ ಮನೆಗಳು ಆಮೇಲೆ ಕಟ್ಟಿದ್ದು. ಅಟ್ಟ ಗಿಟ್ಟ ಹತ್ತೋದೇನೂ ಬೇಡ, ವರದಿ ಬರಿ,” ಎಂದಿದ್ದ ಹಾರ್ಕರ್. ಅವಳು ಹತ್ತಲಿಲ್ಲ. ಬರೆದಳು.

ಇಂದು ಮನಸ್ಸು ತಡೆಯದೆ, ಐವಿ ಕೊಟ್ಟ ಚಹಾವನ್ನು ನಾಚಿಕೆಯ ಜೊತೆಗೇ ನುಂಗಿ, ಏಣಿ ಹಾಕಿದಳು. ಹಿಂದಿನ ಕಾಲದ ಬಡಗಿಗಳು ಮನೆಯ ಮರದ ಚೌಕಟ್ಟನ್ನು ಮೊದಲು ತಮ್ಮ ಅಂಗಳದಲ್ಲೇ ಜೋಡಿಸಿ ನೋಡುತ್ತಿದ್ದರು. ಸಂದುಸಂದಿಗೂ ಉಳಿಯಿಂದ ಎಣಿಕೆಯ ಗೀರು ಹಾಕಿ, ಬಿಚ್ಚಿ ಹೊತ್ತು ತಂದು, ಅದೇ ಕ್ರಮದಲ್ಲಿ ನಿಲ್ಲಿಸುತ್ತಿದ್ದರು. ಐವಿಯ ಅಟ್ಟದಲ್ಲಿ ಐದು, ಆರು, ಏಳರ ಗೀರು. ಅಡ್ಡಗೋಡೆಯ ಕಿಂಡಿಯಲ್ಲಿ ತೂರಿ ಪಬ್ಬಿನ ಅಟ್ಟಕ್ಕೆ ಹೋದರೆ ಒಂದರಿಂದ ನಾಲ್ಕು. ಅದೇ ಓಕ್, ಅದೇ ಉಳಿ, ಅದೇ ಕೈ. ಒಂದೇ ಕಟ್ಟಡ! ಇಟ್ಟಿಗೆ ಯಾವನೋ ಶೋಕಿಗೆ ಆಮೇಲೆ ಮುಂಭಾಗಕ್ಕೆ ಮೆತ್ತಿಸಿದ್ದು.

ಹಾರ್ಕರನ ಮೇಲೆ ಸಿಟ್ಟು. ಅದಕ್ಕಿಂತ ಹೆಚ್ಚು, ಹೇಳಿದ್ದಕ್ಕೆಲ್ಲ ಗೋಣಾಡಿಸುವ ತನ್ನ ಮೇಲೆ.

ಮಧ್ಯಾಹ್ನ ಪಬ್ಬಿನಲ್ಲೇ, ಮನೆ ಕೆಡವಲು ಒಪ್ಪಿಗೆ ಕೇಳುವ ಊರಿನ ಸಭೆ.

“ಅಟ್ಟದಲ್ಲಿ ಗೀರುಗಳಿವೆ ಸರ್, ನೋಡಿ ಬಂದೆ,” ಎಂದು ಹಾರ್ಕರನ ಕಿವಿಯಲ್ಲಿ ಪಿಸುಗುಟ್ಟಿದಳು.

“ಇರ್ಲಿ ಬಿಡು. ಕೆಲಸ ಬೇಕು ತಾನೆ ನಿಂಗೆ?” ಎಂದ ಹಾರ್ಕರ್, ಎದ್ದು ನಿಂತು ನಗುತ್ತ ಸಭೆಗೆ ಹೇಳಿದ: “ಆ ಮನೆಗಳಿಗೂ ಪಬ್ಬಿಗೂ ಸಂಬಂಧವೇ ಇಲ್ಲ.”

“ಸಂಬಂಧ ಇಲ್ವೇನಪ್ಪ? ನೀವಿಲ್ಲಿ ಕುಡಿದು ಕುಣಿದ್ರೆ ಅಲ್ಲಿ ನನ್ ಮಂಚ ಅಲ್ಲಾಡತ್ತಲ್ಲ!” ಎಂದಳು ಐವಿ.

ಜನ ಗೊಳ್ಳೆಂದರು.

“ಅಜ್ಜಿ, ಇದು ತಿಳಿದವರು ಹೇಳೋ ಮಾತು,” ಎಂದ ಹಾರ್ಕರ್.

“ಹೌದೌದು. ನಾನು ಬರೀ ಅದ್ರೊಳಗೆ ಬದುಕಿದೋಳು.”

ಈ ಸಲ ಯಾರೂ ನಗಲಿಲ್ಲ. ಹಾರ್ಕರ್ ವರದಿಯ ಹಾಳೆ ತಿರುವಿ, ಟ್ಯಾಮ್ಸಿನ್‌ಳದೇ ವಾಕ್ಯವನ್ನು ಗಟ್ಟಿಯಾಗಿ ಓದತೊಡಗಿದ. ಎಷ್ಟು ನುಣುಪಾದ ವಾಕ್ಯ! “ಸರಿ, ಒಪ್ಪಿಗೆ ಇರೋರು ಕೈಯೆತ್ತಿ,” ಎಂದರು ಅಧ್ಯಕ್ಷರು. ಒಂದು ಕೈ ಎದ್ದಿತು, ಮತ್ತೊಂದು.

ಟ್ಯಾಮ್ಸಿನ್ ಎದ್ದ ರಭಸಕ್ಕೆ ಕುರ್ಚಿ ಉರುಳಿತು.

“ಅದನ್ನ ಬರೆದೋಳು ನಾನು. ಅಟ್ಟ ಹತ್ತದೇನೇ ಬರೆದೆ. ಅದು ಸುಳ್ಳು.”