ಅರ್ಧ ಸುತ್ತು

ಇಪ್ಪತ್ತು ನಿಮಿಷ ಸೈಕಲ್ ತುಳಿಯುವುದೇನು ಮಹಾ ಎನ್ನುವವರನ್ನು ಒಮ್ಮೆ ಆ ಕೋಣೆಗೆ ಕರೆದುಕೊಂಡು ಹೋಗಿ ಸೀಟಿನ ಮೇಲೆ ಹತ್ತಿಸಬೇಕು. ಹಿಂದಿನ ಚಕ್ರವನ್ನು ಒಂದು ಉಕ್ಕಿನ ಉರುಳೆಗೆ ಒತ್ತಿ ನಿಲ್ಲಿಸಿದ ಸೈಕಲ್ಲು, ಎರಡು ಫ್ಯಾನು, ಗೋಡೆಗೊಂದು ಕಪ್ಪು ಹಲಗೆ. ಜೀವ ಹೋಗುವಂತೆ ತುಳಿದರೂ ಒಂದು ಗೇಣು ಮುಂದೆ ಹೋಗದು. ಕಾಲು ಎಷ್ಟು ವ್ಯಾಟ್ ಶಕ್ತಿ ಹಾಕುತ್ತಿದೆ ಎಂದು ಎದುರಿನ ಪರದೆ ತೋರಿಸುತ್ತಲೇ ಇರುತ್ತದೆ. ಕುಸಿದು ಬೀಳದೆ ಎಷ್ಟು ಶಕ್ತಿಯನ್ನು ತಾಳಬಲ್ಲೆ ಎಂಬ ಪ್ರಶ್ನೆಗೆ ಆ ಇಪ್ಪತ್ತು ನಿಮಿಷದ ಸರಾಸರಿಯೇ ಉತ್ತರ.

ಅವತ್ತು ಹಲಗೆಯ ಮೇಲೆ ಗುಬ್ಬಿಯ ಸರಾಸರಿ ಆಗಲೇ ಬಿದ್ದಿತ್ತು: ಇನ್ನೂರ ನಲವತ್ತು. ಗುಬ್ಬಿ ಎಂದರೆ ಹತ್ತೊಂಬತ್ತರ ಹುಡುಗಿ, ತುಳಿದು ಮುಗಿಸಿ ಮೂಲೆಯ ಬೆಂಚಿನ ಮೇಲೆ ಟವೆಲ್ ಹೊದ್ದು ಕೂತಿದ್ದಳು. ತಂಡದಲ್ಲಿ ಉಳಿದಿದ್ದದ್ದು ಒಂದೇ ಜಾಗ. ಹನ್ನೆರಡು ಗಂಟೆಗೆ ಕೋಚ್ ಪಟ್ಟಿ ಕಳಿಸಬೇಕು. ಈಗ ಸೈಕಲ್ ಹತ್ತಿದವಳನ್ನು ಕ್ಲಬ್ಬಿನವರೆಲ್ಲ ಅಕ್ಕ ಎನ್ನುತ್ತಿದ್ದರು. ಅವಳಿಗೂ ಗುಬ್ಬಿಗೂ ತೂಕ ಒಂದೇ, ವಯಸ್ಸಿನಲ್ಲಿ ಮಾತ್ರ ಹದಿನಾರು ವರ್ಷದ ಅಂತರ. ಹಿಂದೆ ಮೂರು ಸಲ ಕೊನೇ ಗಳಿಗೆಯಲ್ಲಿ ಪಟ್ಟಿಯಿಂದ ಬಿದ್ದಿದ್ದಳು. ಈ ಸಲವೂ ತಪ್ಪಿದರೆ ಇನ್ನೊಂದು ಸಲ ಎಂಬುದಿರಲಿಲ್ಲ.

ಹತ್ತು ನಿಮಿಷ ಮೈ ಕಾಯಿಸಿಕೊಂಡ ಮೇಲೆ ಅಕ್ಕ ಚಕ್ರವನ್ನು ಜೋರಾಗಿ ಓಡಿಸಿ ಕಾಲು ನಿಲ್ಲಿಸಿದಳು. ಇದಕ್ಕೆ ಅಲ್ಲಿ ಸೊನ್ನೆ ಹಿಡಿಯುವುದು ಎನ್ನುತ್ತಾರೆ. ಚಕ್ರ ತಾನಾಗಿ ನಿಲ್ಲಲು ಎಷ್ಟು ಸೆಕೆಂಡು ಹಿಡಿಯಿತೋ ಅದನ್ನು ನೋಡಿಕೊಂಡು ಯಂತ್ರ ತನ್ನನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಆಮೇಲೆ ಉರುಳೆಯನ್ನು ಚಕ್ರಕ್ಕೆ ಒತ್ತುವ ತಿರುಪನ್ನು ಯಾರೂ ಮುಟ್ಟುವಂತಿಲ್ಲ. ಅದು ಸಡಿಲವಾದರೆ ಚಕ್ರ ಹಗುರಾಗುತ್ತದೆ, ಅದು ತಿಳಿಯದ ಯಂತ್ರ ತುಳಿದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ತಿರುಪಿನ ಮೇಲೊಂದು, ಪಕ್ಕದ ಕಂಬಿಯ ಮೇಲೊಂದು ಬಿಳಿ ಗೆರೆ ಎಳೆದಿದ್ದದ್ದು ಅದಕ್ಕೇ. ಎರಡೂ ಎದುರುಬದುರು ಇರಬೇಕು.

ಆ ಗೆರೆ ಎಳೆದವನು ಅವಳ ಗಂಡನೇ, ಕ್ಲಬ್ಬಿನ ಮೆಕ್ಯಾನಿಕ್. ಅವಳು ನೀರು ಕುಡಿಯುತ್ತಿದ್ದಾಗ ಅವನು ಟೈರು ನೋಡುತ್ತೇನೆಂದು ಒಮ್ಮೆ ಬಗ್ಗಿ ಎದ್ದ.

"ಶುರು," ಎಂದರು ಕೋಚ್.

ಪರದೆಯಲ್ಲಿ ಇನ್ನೂರ ನಲವತ್ತಾರು ಹಿಡಿದು ನಿಲ್ಲಿಸುವುದು ಅವಳ ಲೆಕ್ಕಾಚಾರ. ಹಿಡಿದಳು. ಮೂರು ನಿಮಿಷ, ಐದು ನಿಮಿಷ. ಅಬ್ಬಾ, ಇವತ್ತು ಕಾಲು ಎಷ್ಟು ಚೆನ್ನಾಗಿದೆ! ಕೊನೆಗೂ ದೇವರು ಕಣ್ಣು ಬಿಟ್ಟ ಎಂದುಕೊಂಡಳು. ಹೆಚ್ಚು ಆಸೆಪಡಬಾರದು, ಕೊನೆಗಿರಲಿ ಎಂದು ಕಾಲನ್ನು ತಡೆದು ತಡೆದು ತುಳಿದಳು.

ಎಂಟನೇ ನಿಮಿಷಕ್ಕೆ ಅನುಮಾನ ಬಂತು. ಇನ್ನೂರ ನಲವತ್ತಾರಕ್ಕೆ ಎದೆ ಒಡೆಯಬೇಕು. ಅವಳ ಬಾಯಿ ಇನ್ನೂ ಮುಚ್ಚಿತ್ತು. ಹದಿನೈದು ವರ್ಷ ತುಳಿದ ಕಾಲು ಪರದೆಗಿಂತ ಬುದ್ಧಿವಂತ. ತಲೆ ತಗ್ಗಿಸಿ, ತೋಳಿನ ಸಂದಿಯಿಂದ ಹಿಂದೆ ನೋಡಿದಳು. ಕಂಬಿಯ ಗೆರೆ ಇದ್ದಲ್ಲೇ ಇತ್ತು. ತಿರುಪಿನ ಗೆರೆ ಅರ್ಧ ಸುತ್ತು ಆಚೆ ಹೋಗಿತ್ತು.

ಗಂಡನ ಕಡೆ ನೋಡಿದಳು. ಅವನು ಕೈಯಲ್ಲಿದ್ದ ಸ್ಪ್ಯಾನರನ್ನೇ ನೋಡುತ್ತಿದ್ದ.

ಅಯ್ಯೋ ಪುಣ್ಯಾತ್ಮ! ಅರ್ಧ ಸುತ್ತೆಂದರೆ ಇಪ್ಪತ್ತು ವ್ಯಾಟ್, ಅವನೇ ಮನೆಯಲ್ಲಿ ಎಷ್ಟೋ ಸಲ ಹೇಳಿದ್ದ. ಅಂದರೆ ಇಷ್ಟು ಹೊತ್ತು ತುಳಿದದ್ದು ಬರೀ ಇನ್ನೂರ ಇಪ್ಪತ್ತಾರು. ಇಳಿದರೆ ಪರೀಕ್ಷೆ ಅಲ್ಲಿಗೆ ಮುಗಿಯಿತು, ಮತ್ತೆ ತುಳಿಯಲು ಹೊತ್ತಿಲ್ಲ. ಬಾಯಿ ಮುಚ್ಚಿಕೊಂಡು ಹೀಗೇ ತುಳಿದರೆ ಜಾಗ ಅವಳದೇ, ಯಾರಿಗೂ ಗೊತ್ತಾಗುವುದಿಲ್ಲ. ಮೂಲೆಯಲ್ಲಿ ಗುಬ್ಬಿ ಉಗುರು ಕಚ್ಚುತ್ತಾ ಕೂತಿದ್ದಳು.

ಅಕ್ಕ ಗೇರ್ ಬದಲಿಸಿದಳು. ಪರದೆ ಏನಾದರೂ ತೋರಿಸಲಿ, ಇಪ್ಪತ್ತು ಕಳೆದ ಮೇಲೂ ಗುಬ್ಬಿಯನ್ನು ದಾಟಬೇಕು.

ಇನ್ನೂರ ಅರವತ್ತೆಂಟು. ಕೋಚ್ ಎದ್ದು ನಿಂತರು. "ಏಯ್, ಹುಚ್ಚಾ ನಿಂಗೆ? ಮುಂದಿದೀಯ ಕಣೇ, ಮೆಲ್ಲಗೆ!" ಅವಳು ಕೇಳಿಸಿಕೊಳ್ಳಲಿಲ್ಲ. ಹನ್ನೆರಡನೇ ನಿಮಿಷಕ್ಕೆ ತೊಡೆ ಬೆಂಕಿಯಾಯಿತು. ಹದಿನೈದಕ್ಕೆ ಪರದೆಯ ಅಂಕಿ ಮಂಜಾಯಿತು. ಗಂಡ ಹತ್ತಿರ ಬಂದು, "ಸಾಕು ಕಣೇ, ಬಿಡು, ಯಾಕೆ ಸಾಯ್ತೀಯಾ," ಎಂದು ಪಿಸುಗುಟ್ಟಿದ. ಉಸಿರಿದ್ದಿದ್ದರೆ ಚೆನ್ನಾಗಿ ಉಗಿಯುತ್ತಿದ್ದಳು. ಹದಿನೆಂಟು. ಹತ್ತೊಂಬತ್ತು. ಕೊನೆಯ ನಿಮಿಷದಲ್ಲಿ ಅವಳ ಗಂಟಲಿನಿಂದ ಹೊರಟ ಸದ್ದಿಗೆ ಗುಬ್ಬಿ ಎದ್ದು ನಿಂತಳು.

"ಮುಗೀತು! ಇನ್ನೂರ ಐವತ್ತೊಂಬತ್ತು! ಭಲೇ ಅಕ್ಕ!" ಕೋಚ್ ಸೀಮೆಸುಣ್ಣ ಎತ್ತಿಕೊಂಡರು.

"ಬರೀಬೇಡಿ ಸರ್," ಎಂದಳು, ಹ್ಯಾಂಡಲ್ ಮೇಲೆ ತಲೆಯಿಟ್ಟುಕೊಂಡೇ. "ಯಾರೂ ತಿರುಪು ಮುಟ್ಟಬೇಡಿ. ಹೀಗೇ ಇರೋವಾಗ ಇನ್ನೊಂದ್ಸಲ ಸೊನ್ನೆ ಹಿಡೀತೀನಿ."

ಸೋತ ಕಾಲಿನಲ್ಲೇ ಚಕ್ರ ಓಡಿಸಿ ಬಿಟ್ಟಳು. ಅದು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಯಂತ್ರ ಹೊಸ ಲೆಕ್ಕ ತೋರಿಸಿತು: ಇಪ್ಪತ್ತು ವ್ಯಾಟ್ ಹೆಚ್ಚುವರಿ. ಕೋಚ್ ಬಗ್ಗಿ ಗೆರೆ ನೋಡಿದರು. ಅವರ ಮುಖ ಕಪ್ಪಿಟ್ಟಿತು.

"ಯಾರು ಮಾಡಿದ್ದು ಇದನ್ನ?"

"ನಾನೇ ಸರ್," ಎಂದ ಗಂಡ. "ಅವಳಿಗೆ ಗೊತ್ತಿಲ್ಲ."

ಇನ್ನೂರ ಐವತ್ತೊಂಬತ್ತರಲ್ಲಿ ಇಪ್ಪತ್ತು ಕಳೆದು ಕೋಚ್ ಹಲಗೆಯ ಮೇಲೆ ಬರೆದರು. ಇನ್ನೂರ ಮೂವತ್ತೊಂಬತ್ತು. ಒಂದು ವ್ಯಾಟ್ ಕಡಿಮೆ.

ಗುಬ್ಬಿ ಗೆದ್ದು ಅತ್ತಳು. "ಅಕ್ಕಾ, ನೀವು ಸುಮ್ನಿದ್ದಿದ್ರೆ..." ಎಂದಳು. ಅಕ್ಕ ಅವಳ ತಲೆ ಸವರಿ, "ಹೋಗೇ, ಸ್ನಾನ ಮಾಡು, ನಾರ್ತಿದೀಯ," ಎಂದಳು. ಕೋಚ್ ಮೆಕ್ಯಾನಿಕ್ಕನಿಂದ ಕೋಣೆಯ ಬೀಗದಕೈ ಇಸಿದುಕೊಂಡು, ಪಟ್ಟಿ ಕಳಿಸಲು ಹೊರಗೆ ಹೋದರು.

ಗಂಡಹೆಂಡತಿ ಇಬ್ಬರೇ ಉಳಿದರು. ಅವನು ನೆಲದ ಮೇಲೆ ಕೂತಿದ್ದ. "ನೀನು ಮತ್ತೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅಳೋದನ್ನ ಕೇಳೋಕೆ ನನ್ನ ಕೈಲಾಗ್ತಿರ್ಲಿಲ್ಲ ಕಣೇ," ಎಂದ.

ಅವಳು ಪರದೆಯನ್ನು ಅವನ ಕಡೆ ತಿರುಗಿಸಿದಳು. ಇಪ್ಪತ್ತು ನಿಮಿಷದ ಗೆರೆ ಅದರಲ್ಲಿತ್ತು. ಎಂಟು ನಿಮಿಷ ತಗ್ಗು, ಆಮೇಲೆ ಕೊನೆಯವರೆಗೂ ಎತ್ತರ.

"ಈ ಹನ್ನೆರಡು ನಿಮಿಷ ನಿಜವಾಗ್ಲೂ ಎಷ್ಟು ತುಳಿದೆ, ಹೇಳಿ. ಇಪ್ಪತ್ತು ಕಳೆದು."

ಅವನು ಮನಸ್ಸಿನಲ್ಲೇ ಕಳೆದ. "ಇನ್ನೂರ ನಲವತ್ತೆಂಟು," ಎಂದ. ಹೇಳುತ್ತಲೇ ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಗೆಲ್ತಿದೀನಿ ಅಂತ ಪರದೆ ಹೇಳ್ತು. ಅದಕ್ಕೇ ಮೊದಲ ಎಂಟು ನಿಮಿಷ ಕಾಲು ತಡೆದು ತುಳಿದೆ ರೀ," ಎಂದಳು. "ತಿರುಪು ಮುಟ್ಟದೆ ಸುಮ್ನೆ ನಿಂತಿದ್ದಿದ್ರೆ ಸಾಕಿತ್ತು."

ಆಮೇಲೆ ಅವಳು ಶೂ ಬಿಚ್ಚತೊಡಗಿದಳು. ಶೂವಿನ ಪಟ್ಟಿ ಬಿಗಿದುಕೊಂಡಿತ್ತು, ಬಿಚ್ಚಲಾಗಲಿಲ್ಲ. ಅವನು ಸಹಾಯಕ್ಕೆ ಕೈ ಚಾಚಿದ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.